ಮೂರನೇ ರಾತ್ರಿಯ ನೋವು: ಹಲ್ಲು ಕಿತ್ತ ಗುಂಡಿ ಮತ್ತು ಲವಂಗದ ಎಣ್ಣೆ

ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಮೀನುಗಾರಿಕೆ ನಿಷೇಧ. ಮಲ್ಪೆಯವರು ಈ ಎರಡು ತಿಂಗಳಲ್ಲಿ ಬಲೆ ಸರಿಪಡಿಸುತ್ತಾರೆ, ಎಂಜಿನ್ ಬಿಚ್ಚಿ ಕಟ್ಟುತ್ತಾರೆ, ವರ್ಷವಿಡೀ ಮುಂದೂಡಿದ ಆಸ್ಪತ್ರೆಯ ಕೆಲಸ ಮುಗಿಸಿಕೊಳ್ಳುತ್ತಾರೆ. ಜುಲೈ ಕೊನೆಯ ವಾರ ಬಂತೆಂದರೆ ಉಡುಪಿಯ ನನ್ನ ಕ್ಲಿನಿಕ್ಕಿನ ಬೆಂಚಿನಲ್ಲಿ ಕೂರಲು ಜಾಗ ಇರುವುದಿಲ್ಲ. ಎಲ್ಲರದ್ದೂ ಒಂದೇ ಮಾತು: "ಬೋಟು ಹೋಗುವುದರೊಳಗೆ ಒಂದು ದಾರಿ ಮಾಡಿ ಡಾಕ್ಟ್ರೆ."

ಜುಲೈ 28ರಂದು ಹಾಗೆ ಬಂದವರು 41 ವರ್ಷದ ಒಬ್ಬ ತಂಡೇಲರು. ಆಳಸಮುದ್ರಕ್ಕೆ ಹೋದರೆ ಹತ್ತು ದಿನಕ್ಕೆ ತಿರುಗಿ ಬರುವ ಟ್ರಾಲ್ ಬೋಟಿನ ಚುಕ್ಕಾಣಿ ಅವರ ಕೈಯಲ್ಲಿ. ಗುರುತು ಸಿಗುವಂತಹ ವಿವರಗಳನ್ನು ಬಿಟ್ಟು, ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಎಡಗಡೆ ಕೆಳದವಡೆಯ ಮೊದಲ ದೊಡ್ಡ ಹಲ್ಲು ಹುಳುಕು ತಿಂದು ವಸಡಿನ ಮಟ್ಟಕ್ಕೆ ಮುರಿದಿತ್ತು. ನಾಲ್ಕು ತಿಂಗಳಿಂದ ಬೋಟಿನಲ್ಲೇ ಮಾತ್ರೆ ನುಂಗಿ ದಿನ ದೂಡಿದ್ದರು. ಉಳಿಸಿಕೊಳ್ಳುವ ಹಂತ ದಾಟಿತ್ತು. ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಸರಿಯಿತ್ತು. ದಿನಕ್ಕೆ ಒಂದು ಕಟ್ಟು ಬೀಡಿ, ಊಟವಾದ ಮೇಲೆ ಎಲೆಯಡಿಕೆ.

ಮರಗಟ್ಟಿಸುವ ಲಿಗ್ನೋಕೇನ್ ಇಂಜೆಕ್ಷನ್ ಕೊಟ್ಟು ಹಲ್ಲು ತೆಗೆದೆ. ಸುಲಭಕ್ಕೆ ಬರಲಿಲ್ಲ. ಹಿಂದಿನ ಬೇರು ಒಳಗೇ ಮುರಿಯಿತು, ಅದನ್ನು ಬಿಡಿಸಿ ತೆಗೆಯುವಾಗ ಒಟ್ಟು 40 ನಿಮಿಷ ಹಿಡಿಯಿತು. ಗುಂಡಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟಿದ್ದನ್ನು ನೋಡಿ, ಮೇಲೆ ಗಾಜ್ ಬಟ್ಟೆ ಇಟ್ಟು ಕಚ್ಚಿಸಿ ಕಳಿಸಿದೆ. ಐಬುಪ್ರೊಫೆನ್ 400 ಮಿ.ಗ್ರಾಂ. ಮತ್ತು ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಒಟ್ಟಿಗೆ, ದಿನಕ್ಕೆ ಮೂರು ಸಲ, ಊಟದ ನಂತರ, ಮೂರು ದಿನ. ಜೊತೆಗೆ ಎಲ್ಲರಿಗೂ ಕೊಡುವ ಮುದ್ರಿತ ಚೀಟಿ: 24 ಗಂಟೆ ಬಾಯಿ ಮುಕ್ಕಳಿಸಬೇಡಿ, ಉಗುಳಬೇಡಿ, ಬಿಸಿ ಬೇಡ, ಬೀಡಿ ಸಿಗರೇಟು ಬೇಡ. ಕೊನೆಯ ಸಾಲು "ಏನಾದರೂ ತೊಂದರೆಯಾದರೆ ಬನ್ನಿ." ಆ ಸಾಲಿನ ಬಗ್ಗೆ ಮುಂದೆ ಹೇಳುತ್ತೇನೆ.

ಮನೆಯಲ್ಲಿ ನಡೆದದ್ದು

ಮೊದಲ ರಾತ್ರಿ ನೋವಿತ್ತು, ಮಾತ್ರೆಗೆ ಬಗ್ಗಿತು. ಮರುದಿನ ಆರಿದ ಗಂಜಿ ಉಂಡರು, ಬಂದರಿಗೆ ಹೋಗಿ ಬಲೆ ಹೇರುವುದನ್ನು ನೋಡಿ ಬಂದರು. 30ನೇ ತಾರೀಕು ಬೆಳಿಗ್ಗೆ ನೋವು ಇಲ್ಲವೇ ಇಲ್ಲ ಎನ್ನುವಷ್ಟು. ಆ ಸಂಜೆ ಒಂದು ಬೀಡಿ ಸೇದಿದರು. ಅದನ್ನು ಅವರು ನನ್ನಿಂದ ಮುಚ್ಚಿಡಲಿಲ್ಲ.

ಮೂರನೇ ರಾತ್ರಿ ಶುರುವಾಯಿತು. ಹೊಸ ನೋವು, ಹಲ್ಲು ಕೀಳಿಸುವ ಮೊದಲಿದ್ದ ನೋವಿಗಿಂತಲೂ ದೊಡ್ಡದು. "ಕಿವಿಯ ಒಳಗೆ ಯಾರೋ ಕುಟ್ಟಿದ ಹಾಗೆ ಆಗ್ತಾ ಇತ್ತು, ಮಲಗ್ಲಿಕ್ಕೇ ಆಗ್ಲಿಲ್ಲ" ಎಂದರು ಆಮೇಲೆ. ಹೊರಗೆ ಆಟಿಯ ಮಳೆ. ಆ ಹೊತ್ತಿಗೆ ಮನೆಯಲ್ಲಿ ಕೈಗೆ ಸಿಗುವುದೇನು? ಅವರ ಅಮ್ಮ ಲವಂಗದ ಎಣ್ಣೆಯ ಪುಟ್ಟ ಬಾಟಲಿ ತಂದರು. ಅದು ಬೋಟಿನ ಮದ್ದಿನ ಡಬ್ಬಿಯದ್ದೇ, ನಾಲ್ಕು ತಿಂಗಳು ಅದೇ ಹಲ್ಲಿಗೆ ಆಸರೆಯಾಗಿದ್ದ ಬಾಟಲಿ. ಹತ್ತಿಯನ್ನು ಅದರಲ್ಲಿ ತೋಯಿಸಿ ಗುಂಡಿಗೆ ಒತ್ತಿದರು. ಮೊದಲು ಚುರ್ರೆಂದಿತು, ಆಮೇಲೆ ಇಪ್ಪತ್ತು ನಿಮಿಷ ಸುಖ. ನೋವು ತಿರುಗಿ ಬಂತು, ಮತ್ತೆ ಹತ್ತಿ. ಬೆಳಗಾಗುವುದರೊಳಗೆ ಐದು ಸಲ, ಮರುದಿನ ಇನ್ನೂ ಏಳೆಂಟು ಸಲ.

31ರ ಮಧ್ಯಾಹ್ನ ಹೆಂಡತಿ ಮೆಡಿಕಲ್‌ನಿಂದ ಬಾಯಿಹುಣ್ಣಿನ ಜೆಲ್ ತಂದರು. ಬೆರಳಿನಲ್ಲಿ ತೆಗೆದು ಗುಂಡಿಯ ಮೇಲೆ ಬಳಿದರೆ ನಾಲಗೆ ಮರಗಟ್ಟಿತು, ತುಟಿ ಮರಗಟ್ಟಿತು, ನೋವು ಮಾತ್ರ ಕದಲಲಿಲ್ಲ. ಐಬುಪ್ರೊಫೆನ್ ಒಂದೇ ದಿನದಲ್ಲಿ ಏಳು ಮಾತ್ರೆ ಹೋಯಿತು, ಅರ್ಧ ಖಾಲಿ ಹೊಟ್ಟೆಗೆ. ಅಂದರೆ 2800 ಮಿ.ಗ್ರಾಂ. ವೈದ್ಯರ ನಿಗಾದಲ್ಲಿ ಕೊಡುವಾಗಲೂ ಸಾಮಾನ್ಯವಾಗಿ ದಿನಕ್ಕೆ 2400 ದಾಟುವುದಿಲ್ಲ. ನಾನು ಬರೆದದ್ದು 1200.

"ನೋವು ಇರುವುದು ಸಹಜ ಅಂತ ನೀವೇ ಹೇಳಿದ್ರಲ್ಲ, ಹಾಗೆ ಕಾದದ್ದು" ಎಂದರು ಹೆಂಡತಿ. ಹೌದು, ಹೇಳಿದ್ದೆ.

ಆಗಸ್ಟ್ 1ರ ಬೆಳಿಗ್ಗೆ

ಕೆನ್ನೆಗೆ ಅಂಗೈ ಒತ್ತಿಕೊಂಡೇ ಒಳಗೆ ಬಂದರು. ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು ಎಂದರೆ, ಒಂದು ಕೈಯ ಬೆರಳು ಪೂರ್ತಿ ಬಿಡಿಸಿ ಇನ್ನೊಂದರಲ್ಲಿ ನಾಲ್ಕು ತೋರಿಸಿದರು. ಮಾತಾಡುವುದಕ್ಕೆ ಮನಸ್ಸಿರಲಿಲ್ಲ.

ಜ್ವರ ಇರಲಿಲ್ಲ. ಮುಖ ಊದಿರಲಿಲ್ಲ, ಬಾಯಿ ಪೂರ್ತಿ ತೆರೆಯುತ್ತಿತ್ತು, ಕುತ್ತಿಗೆಯ ಗಂಟುಗಳು ಕೈಗೆ ಸಿಗಲಿಲ್ಲ. ಈ ನಾಲ್ಕನ್ನು ಮೊದಲು ನೋಡುವುದಕ್ಕೆ ಕಾರಣ ಇದೆ. ಇವುಗಳಲ್ಲಿ ಒಂದಿದ್ದರೂ ಸೋಂಕು ಹಬ್ಬುತ್ತಿರಬಹುದು, ಆಗ ದಾರಿಯೇ ಬೇರೆ. ಗುಂಡಿಯೊಳಗೆ ರಕ್ತದ ಹೆಪ್ಪು ಇರಲಿಲ್ಲ. ತಳದಲ್ಲಿ ಬೂದುಬಣ್ಣದ ಕೊಳೆ, ಎರಡು ಅಗುಳು ಅನ್ನ, ಹತ್ತಿಯ ಎಳೆ. ಅವುಗಳ ನಡುವೆ ಬರಿಯ ಎಲುಬು ಬೆಳ್ಳಗೆ ಕಾಣುತ್ತಿತ್ತು. ಕೆಟ್ಟ ವಾಸನೆ. ಎಲುಬಿಗೆ ಸಲಕರಣೆಯ ತುದಿ ಸೋಕಿದ್ದೇ ತಡ, ಕುರ್ಚಿಯಿಂದ ಎದ್ದೇಬಿಟ್ಟರು. ಸುತ್ತಲಿನ ವಸಡು, ಕೆನ್ನೆಯ ಒಳಬದಿ ಮತ್ತು ನಾಲಗೆಯ ಅಂಚು ಸುಟ್ಟ ಹಾಲಿನ ಕೆನೆಯಂತೆ ಬಿಳಿಚಿ ಸುಲಿಯುತ್ತಿದ್ದವು. ಬೇರಿನ ಚೂರು ಉಳಿದಿದೆಯೇ ಎಂದು ಎಕ್ಸ್‌ರೇ ತೆಗೆದೆ, ಇರಲಿಲ್ಲ.

ಹಾಗಾಗಿ ತೊಂದರೆ ಎರಡು. ಒಂದು ಡ್ರೈ ಸಾಕೆಟ್. ಇನ್ನೊಂದು ಲವಂಗದ ಎಣ್ಣೆಯ ಸುಟ್ಟ ಗಾಯ.

ಡ್ರೈ ಸಾಕೆಟ್ ಹೊಸ ಕಾಯಿಲೆಯಲ್ಲ, 1896ರಲ್ಲೇ ಕ್ರಾಫರ್ಡ್ ಎಂಬವರು ಇದನ್ನು ವಿವರಿಸಿದ್ದಾರೆ. ಹಲ್ಲು ಕಿತ್ತ ಗುಂಡಿಯಲ್ಲಿ ಕಟ್ಟುವ ರಕ್ತದ ಹೆಪ್ಪು ಎಲುಬಿಗೆ ಹೊದಿಕೆ ಇದ್ದಂತೆ. ಅದರ ಮೇಲೆಯೇ ಹೊಸ ಮಾಂಸ ಹತ್ತಿಕೊಂಡು ಬೆಳೆಯಬೇಕು. ಕೆಲವರಲ್ಲಿ ಆ ಹೆಪ್ಪು ಹೊತ್ತಿಗೆ ಮೊದಲೇ ಕರಗಿಹೋಗುತ್ತದೆ. ಹೆಪ್ಪನ್ನು ಹಿಡಿದಿಡುವ ಫೈಬ್ರಿನ್ ಎಳೆಗಳನ್ನು ನಮ್ಮ ದೇಹದ್ದೇ ಕಿಣ್ವವೊಂದು ಕರಗಿಸುತ್ತದೆ ಎಂದು ಬಿರ್ನ್ 1973ರಲ್ಲಿ ಮಂಡಿಸಿದ ವಿವರಣೆಯನ್ನೇ ಇಂದಿಗೂ ಹೆಚ್ಚಿನವರು ಒಪ್ಪುತ್ತಾರೆ. ಎಲುಬಿಗೆ ಪೆಟ್ಟಾದಷ್ಟೂ ಆ ಕಿಣ್ವ ಚುರುಕಾಗುತ್ತದೆ. ಕಷ್ಟಪಟ್ಟು ತೆಗೆದ ಹಲ್ಲು, ಕೆಳದವಡೆ, ಹೊಗೆ, ಮೊದಲೇ ಇದ್ದ ಸೋಂಕು, ಗರ್ಭನಿರೋಧಕ ಮಾತ್ರೆ, ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಸಾಮಾನ್ಯವಾಗಿ ಕಿತ್ತ ಹಲ್ಲುಗಳಲ್ಲಿ ನೂರಕ್ಕೆ ಒಂದರಿಂದ ಐದರಲ್ಲಿ ಹೀಗಾಗುತ್ತದೆ, ಕೆಳಗಿನ ಬುದ್ಧಿಹಲ್ಲಿನಲ್ಲಿ ಅದಕ್ಕಿಂತ ಬಹಳ ಹೆಚ್ಚು. ತಂಡೇಲರಿಗೆ ಈ ಪಟ್ಟಿಯಲ್ಲಿ ನಾಲ್ಕು ಇದ್ದವು. ಒಂದು ಬೀಡಿಯ ಮೇಲೆ ಎಲ್ಲ ತಪ್ಪನ್ನೂ ಹೊರಿಸಲು ನನಗೆ ಮನಸ್ಸು ಒಪ್ಪುವುದಿಲ್ಲ.

ಮುಖ್ಯವಾದದ್ದು ನೋವಿನ ನಡೆ. ಸಹಜವಾದ ಗಾಯದ ನೋವು ಮೊದಲ ದಿನ ಹೆಚ್ಚಿರುತ್ತದೆ, ಆಮೇಲೆ ದಿನದಿಂದ ದಿನಕ್ಕೆ ಇಳಿಯುತ್ತದೆ. ಡ್ರೈ ಸಾಕೆಟ್ಟಿನದ್ದು ಇಳಿದು ಏರುತ್ತದೆ. ಎರಡು ದಿನ ಆರಾಮ ಕೊಟ್ಟು, ಮೂರನೆಯ ಅಥವಾ ನಾಲ್ಕನೆಯ ದಿನ ಕಿವಿಗೆ, ಕಣತಲೆಗೆ ಹಬ್ಬುತ್ತದೆ.

ಜೆಲ್ ಏಕೆ ಸೋತಿತು ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಬಾಯಿಗೆ ಹಚ್ಚುವ ಮರಗಟ್ಟಿಸುವ ಮದ್ದು, ಅದು ಬೆಂಜೋಕೇನ್ ಇರಲಿ ಲಿಗ್ನೋಕೇನ್ ಇರಲಿ, ಚರ್ಮದಡಿ ಎರಡು ಮೂರು ಮಿಲಿಮೀಟರ್ ಇಳಿದರೆ ಹೆಚ್ಚು. ಜೊಲ್ಲು ಅದನ್ನು ಕೆಲವೇ ನಿಮಿಷದಲ್ಲಿ ತೊಳೆದುಬಿಡುತ್ತದೆ. ನೋವು ಹುಟ್ಟುತ್ತಿದ್ದದ್ದು ಗುಂಡಿಯ ತಳದಲ್ಲಿ, ತೆರೆದ ಎಲುಬಿನಲ್ಲಿ. ಮೇಲೆ ಬಳಿದದ್ದು ನಾಲಗೆಯನ್ನು ಮರಗಟ್ಟಿಸಿತು, ಅಷ್ಟೇ. ಈ ಜೆಲ್‌ಗಳನ್ನು ಮಕ್ಕಳಿಗೆ ಹಚ್ಚುವ ಅಭ್ಯಾಸ ನಮ್ಮಲ್ಲಿ ಇದೆ, ಆದ್ದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ. ಬೆಂಜೋಕೇನ್ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕುಂದಿಸುವ ಅಪರೂಪದ ಅಪಾಯ ತರಬಲ್ಲದು. ಎರಡು ವರ್ಷದೊಳಗಿನ ಮಕ್ಕಳ ಹಲ್ಲು ನೋವಿಗೆ ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಸ್ಯಾಲಿಸಿಲೇಟ್ ಇರುವ ಬಾಯಿಹುಣ್ಣಿನ ಜೆಲ್ ಕೂಡ ಮಕ್ಕಳಿಗೆ ಬೇಡ.

ಅದೇ ಲವಂಗ

ಇನ್ನು ಎಣ್ಣೆಯ ವಿಷಯ. ಅಮ್ಮ ಮೂಲೆಯಲ್ಲಿ ಮುದುಡಿ ಕುಳಿತಿದ್ದರು. "ನಾನೇ ಹಾಕಿದ್ದು, ನಾನೇ ಹಾಳು ಮಾಡಿದ್ದು" ಎಂದು ಎರಡು ಸಲ ಹೇಳಿದರು. ಅವರಿಗೆ ನಾನು ನನ್ನ ಕಪಾಟಿನ ಕಂದು ಡಬ್ಬಿಯನ್ನು ತೆರೆದು ಮೂಸಲು ಕೊಟ್ಟೆ. ಮೂಸಿ ನನ್ನ ಮುಖ ನೋಡಿದರು. "ಇದು ಲವಂಗವೇ ಅಲ್ವಾ?"

ಲವಂಗವೇ. ಲವಂಗದ ಎಣ್ಣೆಯಲ್ಲಿ ಹೆಚ್ಚಿನ ಪಾಲು ಯೂಜಿನಾಲ್ ಎಂಬ ವಸ್ತು. ಡ್ರೈ ಸಾಕೆಟ್ಟಿಗೆ ಹಲ್ಲಿನ ಡಾಕ್ಟರುಗಳು ಬಹುಕಾಲದಿಂದ ಇಡುವ ಪ್ಯಾಕ್‌ನಲ್ಲಿ ಕೆಲಸ ಮಾಡುವುದೂ ಅದೇ ಯೂಜಿನಾಲ್. ಸ್ವಲ್ಪವಿದ್ದರೆ ಅದು ನರದ ಸಂದೇಶವನ್ನು ತಡೆಯುತ್ತದೆ, ಉರಿಯೂತ ತಗ್ಗಿಸುತ್ತದೆ. ಹೆಚ್ಚಾದರೆ ಜೀವಕೋಶಗಳನ್ನೇ ಕೊಲ್ಲುತ್ತದೆ. ಸತುವಿನ ಆಕ್ಸೈಡ್ ಪುಡಿಯ ಜೊತೆ ಕಲಸಿದಾಗ ಯೂಜಿನಾಲ್ ಸತುವಿಗೆ ಕಟ್ಟಿಕೊಂಡು ಕುಳಿತು, ಆಮೇಲೆ ಹನಿಹನಿಯಾಗಿ ಬಿಡುಗಡೆಯಾಗುತ್ತದೆ. ಹತ್ತಿಯಲ್ಲಿ ತೋಯಿಸಿ ಒತ್ತಿದ ಶುದ್ಧ ಎಣ್ಣೆ ಒಮ್ಮೆಗೇ ಸುರಿಯುತ್ತದೆ. ಸುತ್ತಲಿನ ವಸಡು ಸುಡುತ್ತದೆ, ಇಪ್ಪತ್ತು ನಿಮಿಷದಲ್ಲಿ ಖಾಲಿಯಾಗುತ್ತದೆ, ಮತ್ತೆ ಹಾಕಬೇಕಾಗುತ್ತದೆ. ಅಮ್ಮನಿಗೆ ಮದ್ದು ಗೊತ್ತಿತ್ತು. ಎಷ್ಟು, ಯಾವುದರಲ್ಲಿ ಕಟ್ಟಿ, ಎಲ್ಲಿಗೆ ಎನ್ನುವುದನ್ನು ಹೇಳಿಕೊಡಬೇಕಾದವಳು ನಾನಾಗಿದ್ದೆ.

ಮೊದಲು ಗುಂಡಿ ತೊಳೆಯಬೇಕಿತ್ತು. ಇಂಜೆಕ್ಷನ್ ಕೊಟ್ಟು ತೊಳೆಯೋಣವೇ ಎಂದು ಕೇಳಿದೆ, ತಂಡೇಲರು ತಲೆಯಾಡಿಸಿ ಬೇಡವೆಂದರು. ಉಗುರುಬೆಚ್ಚಗಿನ ಸಲೈನನ್ನು ಮೊಂಡು ಸೂಜಿಯ ಸಿರಿಂಜಿನಲ್ಲಿ ತುಂಬಿ, ಒತ್ತಡ ಹಾಕದೆ ತೊಳೆದೆ. ಅಗುಳು ಬಂತು, ಹತ್ತಿ ಬಂತು. ಗುಂಡಿಯನ್ನು ಕೆರೆಯಲಿಲ್ಲ. ಕೆರೆದು ರಕ್ತ ಬರಿಸಿದರೆ ಹೊಸ ಹೆಪ್ಪು ಕಟ್ಟುತ್ತದೆ ಎಂದು ಹಿಂದೆ ಮಾಡುತ್ತಿದ್ದರು, ಅದರಿಂದ ಎಲುಬಿಗೆ ಇನ್ನಷ್ಟು ಪೆಟ್ಟಾಗುತ್ತದೆ. ಆಮೇಲೆ ಅಯೋಡಿನ್‌ಗಾಗಲಿ ಮರಗಟ್ಟಿಸುವ ಮದ್ದಿಗಾಗಲಿ ಅಲರ್ಜಿ ಇಲ್ಲವೆಂದು ಕೇಳಿ ಖಚಿತ ಮಾಡಿಕೊಂಡು, ಯೂಜಿನಾಲ್, ಬ್ಯುಟಾಂಬೆನ್ ಮತ್ತು ಅಯೋಡೋಫಾರ್ಮ್ ಇರುವ ನಾರಿನಂತಹ ಪೇಸ್ಟಿನ ಪ್ಯಾಕನ್ನು ಗುಂಡಿಯಲ್ಲಿ ಸಡಿಲವಾಗಿ ಇಟ್ಟೆ. ಒಂದು ನೋವು ಶಮನಕ್ಕೆ, ಒಂದು ಮರಗಟ್ಟಿಸಲು, ಇನ್ನೊಂದು ಕೀಟಾಣು ತಡೆಗೆ.

ಗೋಡೆಯ ಗಡಿಯಾರ ನೋಡುತ್ತಾ ಕುಳಿತೆವು. ಐದು ನಿಮಿಷಕ್ಕೆ ಕೆನ್ನೆಯಿಂದ ಕೈ ಕೆಳಗೆ ಬಂತು. ಹತ್ತು ನಿಮಿಷಕ್ಕೆ ಬೆರಳಿನಲ್ಲಿ ಮೂರು ತೋರಿಸಿದರು. ಕಾಲು ಗಂಟೆಯಲ್ಲಿ ಕುರ್ಚಿಯಲ್ಲೇ ಕಣ್ಣು ಮುಚ್ಚಿ ನಿದ್ದೆ ಹೋದರು, ಎರಡು ರಾತ್ರಿಯ ನಿದ್ದೆ. ಎಬ್ಬಿಸುವ ಮನಸ್ಸಾಗಲಿಲ್ಲ, ಮುಂದಿನವರನ್ನು ಪಕ್ಕದ ಕುರ್ಚಿಗೆ ಕರೆದೆ.

ಆಂಟಿಬಯೋಟಿಕ್ ಬರೆಯಿರಿ ಎಂದು ಹೆಂಡತಿ ಕೇಳಿದರು. ಬರೆಯಲಿಲ್ಲ. ಜ್ವರ ಊತ ಕೀವು ಇಲ್ಲದ ಡ್ರೈ ಸಾಕೆಟ್ ಸೋಂಕಲ್ಲ, ಆ ಮಾತ್ರೆ ಎಲುಬನ್ನು ಮುಚ್ಚುವುದಿಲ್ಲ. ನೋವಿಗೆ ಹಿಂದಿನ ಮಾತ್ರೆಗಳನ್ನೇ ಮುಂದುವರಿಸಿದೆ, ಐಬುಪ್ರೊಫೆನ್ ಮಾತ್ರ ಒಂದು ದಿನ ನಿಲ್ಲಿಸಿ, ಹೊಟ್ಟೆಯುರಿ ಇಳಿದ ಮೇಲೆ. ಮಳೆಗಾಲದ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಮಾತು ಸೇರಿಸಲೇಬೇಕು: ಈ ದಿನಗಳಲ್ಲಿ ಜ್ವರ ಬಂದರೆ ಐಬುಪ್ರೊಫೆನ್ ಬಿಟ್ಟು ಬರೀ ಪ್ಯಾರಾಸಿಟಮಾಲ್ ತೆಗೆದುಕೊಂಡು ರಕ್ತ ಪರೀಕ್ಷೆ ಮಾಡಿಸಿ. ಡೆಂಗಿ ಆಗಿದ್ದರೆ ಐಬುಪ್ರೊಫೆನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಇರುವವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಡಾಕ್ಟರರಿಗೆ ಹೇಳಬೇಕು.

ಸುಟ್ಟ ಕೆನ್ನೆಗೆ ಬೇಕಾದದ್ದು ಜೆಲ್. ಅದು ಮೇಲಿನ ಗಾಯ, ಮೇಲೆ ಹಚ್ಚಿದ್ದು ಅಲ್ಲಿಗೆ ತಲುಪುತ್ತದೆ. ಊಟಕ್ಕೆ ಐದು ನಿಮಿಷ ಮೊದಲು ಲಿಗ್ನೋಕೇನ್ ಜೆಲ್ ಕಡಲೆಕಾಳಿನಷ್ಟು, ಗುಂಡಿಯಿಂದ ದೂರ. ಮರಗಟ್ಟಿದ ಕೆನ್ನೆಯನ್ನು ಕಚ್ಚಿಕೊಳ್ಳದಂತೆ ಆರಿದ ಗಂಜಿ, ನೀರುದೋಸೆ, ಮೊಸರನ್ನ. ದಿನಕ್ಕೆ ನಾಲ್ಕು ಸಲ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಮುಕ್ಕಳಿಸದೆ ಬಾಯಲ್ಲಿ ತುಂಬಿ ತಲೆ ಓರೆ ಮಾಡಿ ಬಿಡುವುದು.

ಬೋಟು ಆಗಸ್ಟ್ 4ಕ್ಕೆ ಹೊರಡುವುದಿತ್ತು. "ಇದನ್ನು ಹಾಕಿಕೊಂಡೇ ಹೋಗ್ತೇನೆ, ನೋವು ಇಲ್ವಲ್ಲ" ಎಂದರು ತಂಡೇಲರು. ನಾನು ಬೇಡವೆಂದೆ. ಪ್ಯಾಕ್ ಎರಡು ದಿನಕ್ಕೊಮ್ಮೆ ಬದಲಿಸಬೇಕು. ಹತ್ತು ದಿನ ಒಳಗೇ ಬಿಟ್ಟರೆ ಅದೇ ಕೊಳೆತು ಗಾಯ ಮಾಯುವುದನ್ನು ತಡೆಯುತ್ತದೆ. ಯೂಜಿನಾಲ್ ಎಲುಬಿನ ಮೇಲೆ ಹೆಚ್ಚು ದಿನ ಕೂರುವುದೂ ಒಳ್ಳೆಯದಲ್ಲ, ನೋವು ಹೋದ ಕೂಡಲೇ ತೆಗೆಯಬೇಕು. ಸಂಬಳವಿಲ್ಲದ, ಪಾಲಿನ ಲೆಕ್ಕದ ದುಡಿಮೆ ಅದು. ಋತುವಿನ ಮೊದಲ ಟ್ರಿಪ್ಪಿಗೆ ಎಷ್ಟು ಬೆಲೆ ಎಂದು ಬಂದರಿನ ಮಕ್ಕಳಿಗೂ ಗೊತ್ತು. ಅವರು ತುಂಬ ಹೊತ್ತು ಸುಮ್ಮನಿದ್ದು ಮಾಲಕರಿಗೆ ಫೋನ್ ಮಾಡಿದರು. ಆ ಟ್ರಿಪ್ಪಿಗೆ ಬೇರೆ ತಂಡೇಲ ಹೋದರು.

3ರಂದು ಪ್ಯಾಕ್ ಬದಲಿಸಿದೆ, 5ರಂದು ಮತ್ತೊಮ್ಮೆ. 7ರಂದು ತೆಗೆದಾಗ ಗುಂಡಿಯ ಗೋಡೆಗಳಲ್ಲಿ ಕೆಂಪು ಮಾಂಸ ಹತ್ತಿಕೊಂಡಿತ್ತು, ಎಲುಬು ಕಾಣುತ್ತಿರಲಿಲ್ಲ. ನೋವು ಒಂದಕ್ಕೆ ಇಳಿದಿತ್ತು, ಹೊಸ ಪ್ಯಾಕ್ ಇಡಲಿಲ್ಲ. ಕೆನ್ನೆಯ ಬಿಳಿ ಪೊರೆ ಅಷ್ಟರಲ್ಲಿ ತಾನಾಗಿ ಉದುರಿತ್ತು.

ಚೀಟಿ

ಈಗ ಆ ಕೊನೆಯ ಸಾಲು. "ಏನಾದರೂ ತೊಂದರೆಯಾದರೆ ಬನ್ನಿ" ಎಂದರೆ ಏನು ತೊಂದರೆ? ಹಲ್ಲು ಕಿತ್ತವರಿಗೆ ನೋವು ತೊಂದರೆಯೇ ಅಲ್ಲ, ಬರಬೇಕಾದದ್ದೇ. ಸಮುದ್ರದ ಜನ ನೋವನ್ನು ಸಹಿಸಿ ಅಭ್ಯಾಸವಾದವರು. ಯಾವ ನೋವು ಸಹಿಸುವುದು, ಯಾವ ನೋವಿಗೆ ಓಡಿ ಬರುವುದು ಎಂದು ನಾನು ಹೇಳಿರಲಿಲ್ಲ. ಎರಡು ರಾತ್ರಿಯ ಸಂಕಟ, ಸುಟ್ಟ ಬಾಯಿ, ಒಂದು ಟ್ರಿಪ್ಪಿನ ಪಾಲು, ಇವುಗಳಲ್ಲಿ ದೊಡ್ಡ ಭಾಗ ಆ ಸಾಲಿನ ಲೆಕ್ಕಕ್ಕೆ ಸೇರುತ್ತದೆ, ಅದು ನನ್ನ ಲೆಕ್ಕ.

ಇನ್ನೊಂದು ಲೋಪವೂ ನನ್ನದೇ. ಹಲ್ಲು ತೆಗೆದ ಕೂಡಲೇ ಗುಂಡಿಯಲ್ಲಿ ಕೀಟಾಣು ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಜೆಲ್ ಇಟ್ಟರೆ ಡ್ರೈ ಸಾಕೆಟ್ ಬರುವ ಸಾಧ್ಯತೆ ಇಳಿಯುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಬೀಡಿ ಸೇದುವವರು, ಕೆಳದವಡೆ, ಮುರಿದ ಬೇರು, ಮೂರೂ ಕಣ್ಣೆದುರಿಗಿದ್ದವು. ಆ ದಿನದ ಗಡಿಬಿಡಿಯಲ್ಲಿ ಇಡಲಿಲ್ಲ. ಈಗ ಇಂಥವರಿಗೆ ಇಡುತ್ತೇನೆ, ಅಲರ್ಜಿಯ ಬಗ್ಗೆ ಕೇಳಿದ ನಂತರ. ಕ್ಲೋರ್‌ಹೆಕ್ಸಿಡಿನ್‌ಗೆ ಅಪರೂಪಕ್ಕೆ ಜೀವಕ್ಕೇ ಕುತ್ತಾಗುವ ಅಲರ್ಜಿ ಬರುವುದುಂಟು.

ಚೀಟಿ ಬದಲಾಗಿದೆ. ಮೇಲೆಯೇ ದಪ್ಪ ಅಕ್ಷರದಲ್ಲಿ: "ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಮೂರನೇ ದಿನ ಏರಿದರೆ ಕಾಯಬೇಡಿ, ಅಂದೇ ಬನ್ನಿ. ಗುಂಡಿಯೊಳಗೆ ಎಣ್ಣೆ, ಜೆಲ್, ಹತ್ತಿ, ಮಾತ್ರೆಯ ಪುಡಿ ಏನನ್ನೂ ಹಾಕಬೇಡಿ." ಮಾತ್ರೆಯ ಪುಡಿ ಎಂದು ಬರೆದದ್ದು ಆಸ್ಪಿರಿನ್ ಪುಡಿ ಮಾಡಿ ತುಂಬುವವರು ಈಗಲೂ ಇರುವುದರಿಂದ, ಅದೂ ವಸಡನ್ನು ಸುಡುತ್ತದೆ. ಕಷ್ಟದ ಹಲ್ಲು ತೆಗೆಸಿಕೊಂಡವರಿಗೆ ಮೂರನೇ ದಿನ ಸಂಜೆ ನಾವೇ ಫೋನ್ ಮಾಡುತ್ತೇವೆ.

ಆಗಸ್ಟ್ 15ರ ಹೊತ್ತಿಗೆ ಬೋಟು ಮರಳಿತು. ಮುಂದಿನ ಟ್ರಿಪ್ಪಿಗೆ ಹೊರಡುವ ಮೊದಲು ತಂಡೇಲರು ಅಮ್ಮನನ್ನೂ ಕರೆದುಕೊಂಡು ಬಂದರು, ಬೋಟಿನ ಮದ್ದಿನ ಡಬ್ಬಿಯ ಸಮೇತ. ಗುಂಡಿ ಚೆನ್ನಾಗಿ ಮುಚ್ಚಿಕೊಳ್ಳುತ್ತಿತ್ತು. ಡಬ್ಬಿಯೊಳಗೆ ಆ ಪುಟ್ಟ ಬಾಟಲಿ ಇನ್ನೂ ಇತ್ತು. "ಬಿಸಾಡುವುದಾ ಡಾಕ್ಟ್ರೆ?" ಎಂದು ಅಮ್ಮ ಕೇಳಿದರು. ಬೇಡವೆಂದೆ. ಹುಳುಕು ಹಲ್ಲು ನೋಯುವಾಗ ದಡ ಸೇರುವ ತನಕ ಅರ್ಧ ಚಮಚ ತೆಂಗಿನೆಣ್ಣೆಗೆ ಎರಡು ಹನಿ ಬೆರೆಸಿ, ಹತ್ತಿಯ ತುದಿಯಿಂದ ಹಲ್ಲಿಗಷ್ಟೇ ಮುಟ್ಟಿಸಬಹುದು. ಅಮ್ಮ ಬಿಳಿ ಪ್ಲಾಸ್ಟರಿನ ತುಂಡೊಂದನ್ನು ಕೇಳಿ ಪಡೆದು ಬಾಟಲಿಗೆ ಸುತ್ತಿದರು, ಪೆನ್ನನ್ನು ನನ್ನ ಕೈಗೆ ಕೊಟ್ಟರು. "ಕಿತ್ತ ಗುಂಡಿಗೆ ಹಾಕಬಾರದು" ಎಂದು ಬರೆದುಕೊಟ್ಟೆ. ತಂಡೇಲರು ಓದಿ, ಅಕ್ಷರ ಸಣ್ಣದಾಯಿತು, ರಾತ್ರಿ ಬೋಟಿನ ಬೆಳಕಿನಲ್ಲಿ ಕಾಣಬೇಕಲ್ಲ ಎಂದರು. ಇನ್ನೊಂದು ತುಂಡು ಪ್ಲಾಸ್ಟರ್ ಅಂಟಿಸಿ ದೊಡ್ಡದಾಗಿ ಬರೆದೆ.